ಕಾಂಡಕೊರಕ

ನೀರು ಹಾಕಿ ಇನ್ನೂ ಒಂದು ಗಂಟೆಯಾಗಿರಲಿಲ್ಲ, ಗಿಡದ ತುದಿ ಜೋತುಬಿದ್ದಿತ್ತು. ಲೂಸಿಯನ್ ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡಿದ. ಒದ್ದೆ. ಎಲೆಗಳ ಹಿಂಬದಿ ತಿರುಗಿಸಿದ. ನುಸಿಯಿಲ್ಲ, ಬೂಷ್ಟಿಲ್ಲ. ಕೊನೆಗೆ ಕಾಂಡದ ಮೇಲೆ ಬೆರಳಾಡಿಸುತ್ತ ಕೆಳಗಿಳಿದಾಗ ಗೆಣ್ಣಿನ ಹತ್ತಿರ ಉಬ್ಬಿದ ಜಾಗ ಸಿಕ್ಕಿತು. ಅಲ್ಲೊಂದು ಗುಂಡುಸೂಜಿ ತಲೆಯಷ್ಟು ತೂತು. ತೂತಿನ ಬಾಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ.

"ಅಯ್ಯೋ ದೇವ್ರೇ. ಜಿನೆಟ್, ಒಳಗೆ ಹುಳ ಹೊಕ್ಕಿದೆ."

ಗಾಲಿಕುರ್ಚಿಯಲ್ಲಿದ್ದ ಹೆಂಡತಿಯ ಮುಖ ಬಿಳುಚಿತು. ಬಿಳುಚದೆ ಇನ್ನೇನು? ನರದ ಕಾಯಿಲೆಯಿಂದ ಅವಳ ಕಾಲುಗಳು ಹೊತ್ತಲ್ಲದ ಹೊತ್ತಿನಲ್ಲಿ ಕೊರಡಿನಂತೆ ಸೆಟೆದುಕೊಳ್ಳುತ್ತಿದ್ದವು. ಡಾಕ್ಟರ ಮಾತ್ರೆ, ಕ್ಯಾರಿಬೂ ಪೇಟೆಯ ಪರವಾನಗಿ ಅಂಗಡಿಗಳ ಬಗೆಬಗೆಯ ಗಾಂಜಾ, ಯಾವುದಕ್ಕೂ ಬಗ್ಗದ ಆ ಸೆಳೆತ ಬಗ್ಗಿದ್ದು ಈ ಒಂದೇ ತಳಿಗೆ. ಸಸಿ ಕೊಟ್ಟಿದ್ದ ಮುದುಕ ಸತ್ತುಹೋಗಿದ್ದ. ದೀಪದ ಕೆಳಗೆ ನಿಂತಿದ್ದ ಈ ತಾಯಿಗಿಡದ ಟೊಂಗೆ ಕತ್ತರಿಸಿ ನೆಟ್ಟೇ ಮುಂದಿನ ಗಿಡಗಳಾಗಬೇಕು. ಈಗಲೇ ನೆಡೋಣವೆಂದರೆ ಬಾಡಿದ ಟೊಂಗೆ ಬೇರು ಬಿಡುವುದಿಲ್ಲ. ಇದು ಹೋದರೆ ತಳಿಯೇ ಹೋದ ಹಾಗೆ, ಅವಳ ನಿದ್ದೆಯೂ ಹೋದ ಹಾಗೆ.

ಫೋನು ಮಾಡಿದ್ದೇ ತಡ, ಆಲೂಗಡ್ಡೆ ಅಗೆಯುವ ಸುಗ್ಗಿಯನ್ನು ಬಿಟ್ಟು ಜಿನೆಟ್‌ಳ ತಮ್ಮ ರೋಲಾಂಡ್ ಓಡಿಬಂದ. ಕೈಯಲ್ಲಿ ಔಷಧದ ಡಬ್ಬಿ. ತೂತು ನೋಡಿದವನೇ, "ನಮ್ಮವನೇ ಭಾವ ಇವನು! ಕಾಂಡಕೊರಕ. ನನ್ನ ಆಲೂಗಡ್ಡೆ ದಂಟಲ್ಲೂ ಹೀಗೇ ಮನೆ ಮಾಡ್ತಾನೆ. ಇದನ್ನ ಬುಡಕ್ಕೆ ಹೊಯ್ದ್ರೆ ಗಿಡ ಕುಡಿಯುತ್ತೆ, ಬೇವರ್ಸಿ ಒಳಗೇ ಸಾಯ್ತಾನೆ," ಎಂದ.

"ಆಲೂಗಡ್ಡೆನ ಯಾರಾದ್ರೂ ಸೇದ್ತಾರೇನೋ?" ಲೂಸಿಯನ್ ಡಬ್ಬಿ ಕಿತ್ತುಕೊಂಡ. "ಈ ಗಿಡ ಕುಡಿದ ವಿಷನ ನಾಳೆ ನಿಮ್ಮಕ್ಕ ಎದೆಗೆ ಎಳ್ಕೋಬೇಕು."

"ಮತ್ತೇನು, ಕೈಮುಗಿದು ಹೊರಗೆ ಬಾರಪ್ಪಾ ಅಂತೀರಾ?"

"ಸೀಳ್ತೀನಿ."

"ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ತಗೋತೀರಲ್ಲ ಭಾವ!"

ಜಿನೆಟ್ ಟಾರ್ಚ್ ಹಚ್ಚಿ ಕಾಂಡದ ಮೇಲೆ ಬೆಳಕು ಬಿಟ್ಟಳು.

ಲೂಸಿಯನ್ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಅದ್ದಿದ. ತೂತಿನಿಂದ ಶುರುಮಾಡಿ ಉದ್ದಕ್ಕೇ ಸೀಳಬೇಕು. ಕೈ ಜಾರಿ ಅಡ್ಡಕ್ಕೆ ಹೋಯಿತೋ, ಮೇಲಿನದೆಲ್ಲ ಕಸದ ಬುಟ್ಟಿಗೆ. ಮರದ ಕಾರ್ಖಾನೆಯಲ್ಲಿ ಆಳೆತ್ತರದ ದಿಮ್ಮಿ ಕೊಯ್ಯುವ ಮನುಷ್ಯ, ಹೆಬ್ಬೆರಳು ಗಾತ್ರದ ಕಾಂಡದ ಮುಂದೆ ದಳದಳ ಬೆವರುತ್ತಿದ್ದ. ಅರ್ಧ ಸೀಳಿರಬಹುದು, ಅಷ್ಟರಲ್ಲಿ ಬೆಳಕು ಗಡಗಡ ಅಲುಗಿತು. ಜಿನೆಟ್‌ಳ ಕಾಲು ಸೆಟೆದಿತ್ತು. ಹಲ್ಲು ಕಚ್ಚಿದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಅಕ್ಕಾ!"

"ನನ್ನ ಮುಟ್ಬೇಡ ರೋಲಾಂಡ್, ಟಾರ್ಚ್ ಹಿಡ್ಕೋ! ಲೂಸಿಯನ್, ನೀನು ಕುಯ್ಯಿ. ನನ್ನ ಕಡೆ ನೋಡ್ಬೇಡ!"

ಅವನು ನೋಡಲಿಲ್ಲ, ಕೊಯ್ದ. ಸೀಳು ಬಾಯಿಬಿಟ್ಟಿತು. ಒಳಗೆ ಕಂದು ಸುರಂಗ, ಸುರಂಗದ ಕೊನೆಗೆ ಕಪ್ಪು ತಲೆಯ, ನಸುಗೆಂಪು ಮೈಯ ಹುಳ. ತಿಂದು ತಿಂದು ಕೊಬ್ಬಿತ್ತು, ಹಾಳಾದ್ದು. ಚಿಮಟದಲ್ಲಿ ಎಳೆದು ನೆಲಕ್ಕೆ ಎಸೆದ. ರೋಲಾಂಡ್ ಬೈದುಕೊಂಡು ಬೂಟುಗಾಲಲ್ಲಿ ಹೊಸಕಿದ. ಮತ್ತೊಂದು ಅಡಗಿದ್ದರೆ ಎಂದು ಲೂಸಿಯನ್ ಸಿರಿಂಜಿನಲ್ಲಿ ಬಿ.ಟಿ. ಎಂಬ ಬ್ಯಾಕ್ಟೀರಿಯಾದ ದ್ರಾವಣ ತುಂಬಿ ಸುರಂಗಕ್ಕೆ ಹರಿಸಿದ; ಅದು ಹುಳಕ್ಕೆ ಮಾತ್ರ ಯಮ. ಸೀಳನ್ನು ಒತ್ತಿ ಕೂಡಿಸಿ ಟೇಪು ಸುತ್ತಿ, ಬುಡದಿಂದ ತುದಿಯವರೆಗೆ ಇನ್ನೊಮ್ಮೆ ತಡಕಿದ. ಬೇರೆ ತೂತಿರಲಿಲ್ಲ.

"ಬದುಕ್ತಾಳೆ," ಎಂದ. "ಟೊಂಗೆಗಳು ಚೇತರಿಸ್ಕೊಂಡ್ಮೇಲೆ ಕತ್ತರಿಸಿ ನೆಡ್ಬಹುದು."

ಜಿನೆಟ್‌ಳ ಕಾಲು ನಿಧಾನವಾಗಿ ಸಡಿಲಾಯಿತು. ಮೂವರೂ ಉಸಿರು ಬಿಟ್ಟರು. ಆದರೆ ಹೆದರಿಕೆ ಇಳಿದ ಜಾಗಕ್ಕೆ ಲೂಸಿಯನ್‌ಗೆ ಸಿಟ್ಟು ಏರಿತು.

"ಬಟ್ಟೆ ಬದಲಾಯಿಸದೆ ನಾನೇ ಈ ಕೋಣೆಗೆ ಕಾಲಿಡಲ್ಲ. ಕಿಟಕಿ ಮುಚ್ಚಿದೀನಿ, ಗಾಳಿ ಬರೋ ಕಡೆ ಬಲೆ ಕಟ್ಟಿದೀನಿ. ಮೊಟ್ಟೆ ಇಡೋಕೆ ಚಿಟ್ಟೆ ಎಲ್ಲಿಂದ ಬಂತು? ಹೊಲದ ಬೂಟು ಹಾಕ್ಕೊಂಡು ನುಗ್ಗೋನು ನೀನೇ ತಾನೇ?"

ರೋಲಾಂಡ್ ತಲೆ ತಗ್ಗಿಸಿದ. "ಹೂಂ ಭಾವ. ನನ್ನದೇ ತಪ್ಪು."

"ಸುಳ್ಳು ಯಾಕೋ ಹೇಳ್ತೀಯ?" ಎಂದಳು ಜಿನೆಟ್. ಗಂಡನ ಕಡೆ ತಿರುಗಿದಳು. "ಜುಲೈನಲ್ಲಿ ನೀನು ಕೆಲಸಕ್ಕೆ ಹೋದ್ಮೇಲೆ ಇವನ ಕೈಲಿ ಕುಂಡನ ಅಂಗಳದಲ್ಲಿ ಇಡಿಸ್ತಿದ್ದೆ. ನೀನು ಬರೋ ಹೊತ್ತಿಗೆ ವಾಪಸ್ ಒಳಗೆ."

"ತಲೆ ಕೆಟ್ಟಿದೆಯಾ ನಿಂಗೆ? ಒಂದು ಸಲ ಹೊರಗೆ ಹೋದ ಗಿಡನ ಒಳಗೆ ತರ್ಬಾರ್ದು ಅಂತ ಸಾವಿರ ಸಲ ಬಡ್ಕೊಂಡಿಲ್ವಾ? ಇಲ್ಲಿ ಅದಕ್ಕೇನು ಕಡಿಮೆ ಮಾಡಿದ್ದೆ? ದೀಪ, ಫ್ಯಾನು, ಹೊತ್ತುಹೊತ್ತಿಗೆ ನೀರು, ಗೊಬ್ಬರ!"

"ಏನೂ ಕಡಿಮೆ ಮಾಡಿಲ್ಲ. ನನಗೂ ಮಾಡಿಲ್ಲ," ಎಂದಳು. ಅವಳ ದನಿ ಏರಲಿಲ್ಲ. "ಬಿಸಿಲಿಗೆ ಸೆಳೆತ ಜಾಸ್ತಿ ಆಗುತ್ತೆ ಅಂದೆ ನೀನು, ಚಳಿಗೂ ಆಗುತ್ತೆ ಅಂದೆ. ಸರಿ ಅಂತ ನಾನು ಒಳಗೇ ಕೂತೆ. ಆ ಮೆಟ್ಟಿಲು ಇಳಿಸೋಕೆ ಈ ಕುರ್ಚಿ ಇವನೊಬ್ಬನಿಗೆ ಭಾರ, ಲೂಸಿಯನ್. ಕುಂಡ ಹಗುರ. ಅದಾದ್ರೂ ಹೋಗಿ ಬರ್ಲಿ ಅಂತ ಅಡುಗೆಮನೆ ಕಿಟಕೀಲಿ ಕೂತು ನೋಡ್ತಿದ್ದೆ."