ಹತ್ತು ನಿಮಿಷಕ್ಕೊಂದು ಫೋಟೊ

ಟೈಲರಕ್ಕ ಮಗಳ ಟ್ಯಾಬನ್ನು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟಾಗ ಅದಕ್ಕೆ ಎರಡು ಸುತ್ತು ಲೈನಿಂಗ್ ಬಟ್ಟೆ ಸುತ್ತಿತ್ತು. ಬಿಚ್ಚಿಕೊಳ್ಳದಿರಲೆಂದು ನಾಲ್ಕು ಪಿನ್ನು ಬೇರೆ.

"ಇದೇನಮ್ಮ, ಚಳಿ ಆಗ್ತಿತ್ತಾ ಇದಕ್ಕೆ?" ಹೆಡ್‌ಮಾಸ್ಟರು ನಕ್ಕರು.

"ಕಣ್ಣು ಕಟ್ಟಿದ್ದೀನಿ ಸರ್. ಮೂರು ದಿನದಿಂದ ನಮ್ಮನೇಲಿ ಕಣ್ಣು ಬಿಟ್ಕೊಂಡು ಕೂತಿತ್ತು."

ಪಕ್ಕದ ಮೇಜಿನಲ್ಲಿದ್ದ ಕಂಪ್ಯೂಟರ್ ಮಿಸ್ ಟೈಪ್ ಮಾಡುವುದನ್ನು ನಿಲ್ಲಿಸಿದಳು. ಮೂರನೇ ತರಗತಿಯ ಮೂವತ್ತೊಂದು ಮಕ್ಕಳಿಗೂ ಮನೆಗೆ ಒಯ್ಯಲು ಟ್ಯಾಬ್ ಕೊಟ್ಟದ್ದು ಸೋಮವಾರ. ಟೈಲರಕ್ಕನದು ಒಂದೇ ಕೋಣೆಯ ಮನೆ. ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಮಗಳ ಹೋಮ್‌ವರ್ಕ್, ಇನ್ನೊಂದು ತುದಿಯಲ್ಲಿ ಅಮ್ಮನ ಹೊಲಿಗೆ. ಟ್ರಯಲ್‌ಗೆ ಬಂದ ಹೆಂಗಸರು ಬಾಗಿಲು ಹಾಕಿಕೊಂಡು ಅಲ್ಲೇ ಬಟ್ಟೆ ಬದಲಿಸುತ್ತಾರೆ. ನಿನ್ನೆ ಸಂಜೆ ಒಬ್ಬರು ಹಾಗೆ ಬದಲಿಸುತ್ತಿದ್ದಾಗ ಮಗಳು ಪುಸ್ತಕದಿಂದ ತಲೆ ಎತ್ತಿ, "ಅಮ್ಮಾ, ಟ್ಯಾಬಲ್ಲಿ ಹಸಿರು ದೀಪ ಬಂತು. ಅದು ನೋಡ್ತಿದೆ," ಎಂದಳು. ಆ ದೀಪ ಹತ್ತಿದರೆ ಕ್ಯಾಮೆರಾ ಕೆಲಸ ಮಾಡುತ್ತಿದೆ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದು ಇದೇ ಮಿಸ್.

"ಮಗು ಓದ್ತಿದೆಯೋ ಇಲ್ವೋ ಅಂತ ತಿಳಿಯೋಕಷ್ಟೇ ಅಮ್ಮ," ಎಂದರು ಹೆಡ್‌ಮಾಸ್ಟರು. "ಸಂಜೆ ಹೊತ್ತು ಹತ್ತು ನಿಮಿಷಕ್ಕೊಂದು ಫೋಟೊ. ಅದನ್ನ ಯಾರೂ ನೋಡಲ್ಲ. ಯಾರಿಗಿದೆ ಪುರುಸೊತ್ತು?"

"ಯಾರೂ ನೋಡಲ್ಲ ಅಂದ್ಮೇಲೆ ತೆಗೆಯೋದ್ಯಾಕೆ ಸರ್?"

ಹೆಡ್‌ಮಾಸ್ಟರು ಡ್ರಾಯರ್ ಎಳೆದು ಒಂದು ಕಾಗದ ತೆಗೆದರು. "ನೋಡಿ, ಇಲ್ಲಿ ಬರೆದಿದೆ. ಕೆಳಗೆ ನಿಮ್ಮದೇ ಸಹಿ."

"ಹೌದು, ನಾನು ಓದದೆ ಹಾಕಿದ್ದೀನಿ. ನನ್ನ ತಪ್ಪು. ಆದ್ರೆ ಹೊಲಿಸ್ಕೊಳ್ಳೋಕೆ ಬಂದವರು ಹಾಕಿದ್ರಾ ಸರ್? ಮೂರು ದಿನದಲ್ಲಿ ಹನ್ನೊಂದು ಜನ ಬಂದು ಹೋಗಿದ್ದಾರೆ. ಇವತ್ತು ನಾಲ್ಕು ಗಂಟೆಗೆ ಇನ್ನೊಬ್ರು ಬರ್ತಾರೆ. ಬಾಗಿಲು ಹಾಕಿದೆ, ಧೈರ್ಯವಾಗಿ ಬದಲಿಸ್ಕೊಳ್ಳಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳ್ಲಿ?" ಅವಳ ದನಿ ಏರಲಿಲ್ಲ. ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ.

ಮಿಸ್ ಆಗಲೇ ಏನೋ ಒತ್ತಿದ್ದಳು. "ಕ್ಯಾಮೆರಾ ನಿಲ್ಲಿಸಿದೆ ಸರ್. ಎಲ್ಲ ಮಕ್ಕಳದ್ದೂ."

"ನಾನು ಹೇಳೋಕೆ ಮುಂಚೇನೇ?"

"ಹೂಂ ಸರ್," ಎಂದಳು ಮಿಸ್, ತಲೆ ಎತ್ತದೆ. "ಆದ್ರೆ ತೆಗೆದಿರೋ ಫೋಟೊ ಅಳಿಸೋಕೆ ನೀವು ಒಪ್ಪಬೇಕು."

"ಎಲ್ಲ ಅಳಿಸೋದು ಆಗಲ್ಲ. ಬರೋ ಸೋಮವಾರ ಆಡಳಿತ ಮಂಡಳಿಗೆ ತೋರಿಸ್ಬೇಕು, ನಮ್ಮ ಮಕ್ಕಳು ಮನೇಲಿ ಹೇಗೆ ಓದ್ತಾರೆ ಅಂತ. ಇವರ ಮನೇದು ಮಾತ್ರ ತೆಗೆದುಬಿಡಿ."

ಮಿಸ್ ಕೀಬೋರ್ಡಿನಿಂದ ಕೈ ತೆಗೆದಳು. "ಇವರದ್ದು ಯಾವುದು ಅಂತ ಗೊತ್ತಾಗಲ್ಲ ಸರ್. ಸೋಮವಾರ ಅವಸರದಲ್ಲಿ ಒಂದೊಂದು ಟ್ಯಾಬಿಗೂ ಮಕ್ಕಳ ಹೆಸರು ಹಾಕೋಕೆ ಆಗಲಿಲ್ಲ. ಎಲ್ಲದಕ್ಕೂ 'ಮೂರನೇ ತರಗತಿ' ಅಂತಲೇ ಹಾಕಿಬಿಟ್ಟೆ. ಎಲ್ಲರ ಫೋಟೊನೂ ಒಂದೇ ಕಡೆ ಕಲಸಿ ಹೋಗಿದೆ. ಒಂದೊಂದಾಗಿ ತೆರೆದು ನೋಡ್ಬೇಕು."

"ಅದಕ್ಕೇನಂತೆ. ಬನ್ನಿ ಅಮ್ಮ, ಈ ಕಡೆ ಬಂದು ನಿಮ್ಮನೆ ಯಾವುದು ಅಂತ ತೋರಿಸಿ."

ಟೈಲರಕ್ಕ ಎರಡು ಹೆಜ್ಜೆ ಇಟ್ಟವಳು ನಿಂತಳು. "ಇದರಲ್ಲಿ ಎಲ್ಲರ ಮನೇನೂ ಇದೆಯಾ ಮಿಸ್?"

"ಇದೆ."

"ನಮ್ಮನೆ ಹುಡುಕೋಕೆ ಮೂವತ್ತು ಮನೆ ಇಣುಕಬೇಕಾ? ನನ್ನ ಕೈಲಾಗಲ್ಲಪ್ಪ." ಅವಳು ಪರದೆಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿಕೊಂಡಳು. ಗಿರಾಕಿ ಬಟ್ಟೆ ಬದಲಿಸುವಾಗ ನಿಲ್ಲುವುದೂ ಹೀಗೆಯೇ, ಎರಡೂ ಕೈ ಕಟ್ಟಿಕೊಂಡು. "ಮಿಸ್ ಒಬ್ರೇ ನೋಡ್ಲಿ. ಸರ್, ನೀವೂ ತಿರುಗ್ಕೊಳ್ಳಿ."

"ಆಯ್ತಮ್ಮ, ಆಯ್ತು," ಎನ್ನುತ್ತ ಹೆಡ್‌ಮಾಸ್ಟರು ಕುರ್ಚಿಯನ್ನು ಅರ್ಧ ತಿರುಗಿಸಿದರು. ಅಷ್ಟರಲ್ಲಿ ಮಿಸ್ ಮೊದಲ ಫೋಟೊ ತೆರೆದಳು, ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. ಅವರಿಗೆ ತಡೆಯಲಾಗಲಿಲ್ಲ. ಬಗ್ಗಿ ನೋಡಿದರು.

ಅವರ ಮೊಮ್ಮಗಳೂ ಮೂರನೇ ತರಗತಿಯವಳೇ. ಫೋಟೊದ ಮೂಲೆಯಲ್ಲಿ ಅವಳ ಜಡೆಯ ತುದಿ ಕಾಣುತ್ತಿತ್ತು. ನಟ್ಟನಡುವೆ ನಿಂತಿದ್ದವರು ಹೆಡ್‌ಮಾಸ್ಟರೇ. ಸೊಂಟಕ್ಕೊಂದು ಟವೆಲ್ಲು, ಕೈಯಲ್ಲಿ ಬಣ್ಣದ ಬ್ರಷ್ಷು, ಕನ್ನಡಿಯ ಮುಂದೆ ಉಬ್ಬಿಸಿಕೊಂಡ ಕೆನ್ನೆ. ಮೀಸೆಯ ಎಡಭಾಗ ಕಪ್ಪಾಗಿತ್ತು; ಬಲಭಾಗ ಇನ್ನೂ ಹತ್ತಿಯಷ್ಟು ಬೆಳ್ಳಗೆ.



"ಸಿಕ್ತಾ ಮಿಸ್? ನಮ್ಮನೇದಾ?" ಗೋಡೆಯ ಕಡೆಯಿಂದಲೇ ಟೈಲರಕ್ಕ ಕೇಳಿದಳು.

"ಅಲ್ಲ," ಎಂದರು ಹೆಡ್‌ಮಾಸ್ಟರು, ಮಿಸ್ ಬಾಯಿ ತೆರೆಯುವ ಮೊದಲೇ. ಆಮೇಲೆ ತುಂಬ ಮೆಲ್ಲಗೆ ಹೇಳಿದರು: "ಎಲ್ಲಾನೂ ಅಳಿಸಿಬಿಡಮ್ಮ. ಒಂದೂ ಬಿಡಬೇಡ."

"ಆಡಳಿತ ಮಂಡಳಿಗೆ ಸರ್?"

"ನಾನು ಮಾತಾಡ್ಕೋತೀನಿ. ಅಳಿಸು."

ಪರದೆಯ ಮೇಲೆ ಒಂದು ಗೀಟು ಎಡದಿಂದ ಬಲಕ್ಕೆ ನಿಧಾನವಾಗಿ ಹರಿಯಿತು. ಕೊನೆಗೆ ತುದಿ ಮುಟ್ಟಿತು.

"ಆಯ್ತಾ? ತಿರುಗ್ಲಾ?" ಟೈಲರಕ್ಕ ಕೇಳಿದಳು, ಗಿರಾಕಿಗಳನ್ನು ಕೇಳುವಷ್ಟೇ ಸಹಜವಾಗಿ.

"ಒಂದ್ನಿಮಿಷ," ಎನ್ನುತ್ತ ಹೆಡ್‌ಮಾಸ್ಟರು ಅಂಗಿಯ ಕೊರಳ ಗುಂಡಿ ಹಾಕಿಕೊಂಡರು.