ಮುಂಬಾಗಿಲು ತೆಗೆ

“ಮುಂಬಾಗಿಲು ಅನ್ನೋದು ಬೇಡ ವರ್ಲೀನ್,” ಗಾಜಿನ ಗೋಡೆಯ ಆಚೆ ರೆಕಾರ್ಡಿಂಗ್ ಯಂತ್ರದ ಮುಂದೆ ಕೂತಿದ್ದ ಸ್ಟುಡಿಯೋ ಮಾಲೀಕ ಹ್ಯಾಸ್ಕೆಲ್‌ನ ದನಿ ಸ್ಪೀಕರಿನಲ್ಲಿ ಬಂತು. “ಮನದ ಬಾಗಿಲು ಅಂತ ಹಾಡು. ಮನದ ಬಾಗಿಲು ತೆಗೆಯೋ ನಲ್ಲ. ಪ್ರೇಮಗೀತೆ ಆಗ್ಬಿಡುತ್ತೆ, ಯಾರಿಗೂ ಉರಿಯಲ್ಲ.”

ವರ್ಲೀನ್ ಮೈಕಿನ ಮುಂದೆ ತುಟಿ ಕಚ್ಚಿ ನಿಂತಳು. ಹಾಡು ಅವಳದು, ಆದರೆ ಆ ಸಾಲು ಅವಳ ತಾಯಿ ಲುವೀನಿಯಾಳದು. ಭಾನುವಾರದ ಟೋಪಿ ಇಟ್ಟುಕೊಂಡು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಆಕೆ ಸ್ಟುಡಿಯೋದ ಮೂಲೆಯಲ್ಲೇ ಕೂತಿದ್ದಳು. ಅಮೆರಿಕದ ದಕ್ಷಿಣ ಭಾಗದ ಮೆಂಫಿಸ್ಸಿನಲ್ಲಿ ಬಿಳಿಯರ ಮನೆಯೊಂದರಲ್ಲಿ ಆಕೆ ಅಡುಗೆಯವಳು. ಆ ಮನೆಯ ಮಕ್ಕಳನ್ನು ಎತ್ತಿ ಆಡಿಸಿದ್ದು ಅವಳೇ, ಅವರ ಬಾಯಿಗೆ ತುತ್ತಿಟ್ಟದ್ದೂ ಅವಳೇ. ಆದರೂ ಕಪ್ಪು ಹೆಂಗಸಾದ್ದರಿಂದ ಹೋಗುವುದು ಹಿಂಬಾಗಿಲಿಂದ, ಬರುವುದೂ ಹಿಂಬಾಗಿಲಿಂದ. ಸಂಜೆ ಮನೆಗೆ ಬಂದು ಊದಿದ ಕಾಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು, “ಹಿಂಬಾಗಿಲು ಸಾಕಾಯ್ತು, ಮುಂಬಾಗಿಲು ತೆಗೆ” ಎಂದು ಗುನುಗುತ್ತಿದ್ದಳು. ಮಗಳು ಅದಕ್ಕೆ ಹಿಂದೆ ಮುಂದೆ ಮಾತು ಸೇರಿಸಿ ರಾಗ ಕಟ್ಟಿದ್ದಳು.

“ಈ ಸಾಲು ಇದ್ರೆ ದಕ್ಷಿಣದ ಒಂದು ರೇಡಿಯೋದವ್ರೂ ನಿನ್ನ ರೆಕಾರ್ಡ್ ಮುಟ್ಟಲ್ಲ ಕಣಮ್ಮ,” ಎಂದ ಹ್ಯಾಸ್ಕೆಲ್. ಬಿಳಿಯನಾದರೂ ಕೆಟ್ಟವನೇನಲ್ಲ, ಬರೀ ಪುಕ್ಕಲ. ಪುಕ್ಕಲರಿಂದಾಗುವ ಕೇಡೇನು ಕಡಿಮೆಯೆ!

ವರ್ಲೀನ್ ಮನದ ಬಾಗಿಲೆಂದೇ ಹಾಡಿದಳು. ಅವಳು ಬೆಳೆದ ಚರ್ಚಿನಲ್ಲಿ ಹಾಡೆಂದರೆ ಒಬ್ಬರು ಹಾಡುವುದು, ಉಳಿದವರು ತೆಪ್ಪಗೆ ಕೇಳುವುದು ಅಲ್ಲ. ಹಾಡುವವಳ ಮಾತು ನಿಜವಾಗಿದ್ದರೆ ಬೆಂಚುಗಳಿಂದ “ಹೌದು!” “ಹೇಳಮ್ಮಾ!” ಎಂದು ಕೂಗು ಏಳುತ್ತದೆ. ಕೂಗು ಏಳದಿದ್ದರೆ ಅದಕ್ಕಿಂತ ಬೈಗುಳವೇ ವಾಸಿ. ಡ್ರಮ್ ಬಾರಿಸುತ್ತಿದ್ದ ಲೀಮನ್, ಗಿಟಾರಿನವನು, ತುತ್ತೂರಿಯವನು, ಎಲ್ಲರೂ ಅವೇ ಬೆಂಚುಗಳಲ್ಲಿ ಬೆಳೆದವರು. ಮನದ ಬಾಗಿಲು ಬಂದಾಗ ಒಬ್ಬರ ಬಾಯಿಂದಲೂ ಸೊಲ್ಲಿಲ್ಲ. ತಾಯಿಯಂತೂ ಕೈಚೀಲದ ಕೊಂಡಿಯನ್ನೇ ನೋಡುತ್ತಿದ್ದಳು.

ವರ್ಲೀನ್ ನಡುವೆಯೇ ಹಾಡು ನಿಲ್ಲಿಸಿದಳು. “ಏನಮ್ಮ ನೀನು, ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯ?”

“ನನ್ನನ್ನ ಕರೆದಿದ್ರೆ ಓ ಅಂತಿದ್ದೆ. ನೀನು ಅದ್ಯಾವನೋ ನಲ್ಲನ್ನ ಕರೀತಿದ್ದೀಯ. ಅವನನ್ನೇ ಕೇಳ್ಕೋ.”

ಲೀಮನ್ ಡ್ರಮ್ಮಿನ ಮೇಲೆ ಬಗ್ಗಿ ಬಿದ್ದುಬಿದ್ದು ನಕ್ಕ. ವರ್ಲೀನ್‌ಗೆ ನಗು ಬರಲಿಲ್ಲ. “ಆ ಸಾಲು ನಿನ್ನ ಯಜಮಾನಿ ಕಿವಿಗೆ ಬಿದ್ರೆ? ಕೆಲಸ ಹೋದ್ರೆ?”

“ಹೋದ್ರೆ ಹೋಗ್ಲಿ. ಇಷ್ಟು ವರ್ಷ ಆ ಮಾತನ್ನ ಪಾತ್ರೆ ತೊಳೆಯೋ ನೀರಿಗೆ ಹೇಳಿದ್ದೀನಿ. ಮನುಷ್ಯರ ಮುಂದೆ ಬಾಯಿ ಬಿಟ್ಟಿಲ್ಲ. ನೀನಾದ್ರೂ ಬಿಡು. ಇಲ್ಲಾಂದ್ರೆ ನಡಿ ಮನೆಗೆ, ಬೀನ್ಸ್ ನೆನೆಹಾಕಿ ಬಂದಿದ್ದೀನಿ.”

“ಲುವೀನಿಯಾ, ನೀನು ಸ್ವಲ್ಪ ಸುಮ್ನಿರ್ತೀಯ?” ಎಂದಿತು ಸ್ಪೀಕರು.

“ಮಿಸೆಸ್ ಪೆಟಿಗ್ರೂ ಅನ್ನಿ,” ಎಂದ ಲೀಮನ್. ಕಪ್ಪು ಹೆಂಗಸರು ಎಷ್ಟೇ ಹಿರಿಯರಾದರೂ ಬಿಳಿಯರು ಬರೀ ಹೆಸರು ಹಿಡಿದೇ ಕರೆಯುತ್ತಿದ್ದರು. ಅವನ ನಗು ನಿಂತಿತ್ತು. ಡ್ರಮ್ಮಿನ ಕೋಲುಗಳನ್ನು ನೆಲದ ಮೇಲಿಟ್ಟು ಕೈಕಟ್ಟಿ ಕೂತ. ಗಿಟಾರಿನವನೂ ತಂತಿಗಳಿಂದ ಕೈ ತೆಗೆದ. ತುತ್ತೂರಿಯವನು ತುತ್ತೂರಿಯನ್ನು ಪೆಟ್ಟಿಗೆಯೊಳಗೇ ಇಟ್ಟುಬಿಟ್ಟ.

ಗಾಜಿನ ಆಚೆ ಹ್ಯಾಸ್ಕೆಲ್ ತಲೆ ಚಚ್ಚಿಕೊಂಡು ಟೇಪನ್ನು ಮತ್ತೆ ಮೊದಲಿಗೆ ಸುತ್ತಿದ. ಕೊನೆಗೆ, “ಮಿಸೆಸ್ ಪೆಟಿಗ್ರೂ, ಒಂದೇ ಒಂದು ಸಲ. ಆಮೇಲೆ ರೇಡಿಯೋದವ್ರು ಮೂಸಿ ನೋಡ್ಲಿಲ್ಲ ಅಂತ ನನ್ನನ್ನ ಬೈಯಬೇಡಿ,” ಎಂದ.

ಆ ಒಂದು ಸಲದಲ್ಲೇ ಹಾಡು ಆಗಿಹೋಯಿತು. “ಹಿಂಬಾಗಿಲು ಸಾಕಾಯ್ತು” ಎಂದು ವರ್ಲೀನ್ ಎತ್ತಿದಾಗ ಲೀಮನ್ ಹೋ ಎಂದು ಕೂಗಿದ. “ಮುಂಬಾಗಿಲು ತೆಗೆ” ಎಂದಾಗ ಲುವೀನಿಯಾ ಎದ್ದು ನಿಂತು, ಹಿಮ್ಮಡಿಯಿಂದ ನೆಲ ಗುದ್ದಿ, “ಹೇಳು ಮಗಳೇ, ಹೇಳು!” ಎಂದಳು. ಹ್ಯಾಸ್ಕೆಲ್ ಬೆವರು ಒರೆಸಿಕೊಂಡನೇ ಹೊರತು ಯಂತ್ರ ನಿಲ್ಲಿಸಲಿಲ್ಲ. ಕಪ್ಪು ಜನರ ಹಳೆಯ ‘ಸೋಲ್’ ಹಾಡುಗಳಲ್ಲಿ ಇದರ ಸಮಕ್ಕೆ ಇನ್ನೊಂದಿಲ್ಲ ಎಂದು ಈಗ ಎಲ್ಲರೂ ಹೊಗಳುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿದ್ದವರಿಗೆ ಉಸಿರು ಸರಾಗವಾದದ್ದೇ ದೊಡ್ಡದಾಗಿತ್ತು.

ಹ್ಯಾಸ್ಕೆಲ್ ಹೇಳಿದ್ದು ಅರ್ಧ ನಿಜವಾಯಿತು. ಹೋಟೆಲುಗಳಲ್ಲಿ ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸುಗಳಲ್ಲಿ ಕೇಳಿ ಕೇಳಿ ಜನಕ್ಕೆ ಹಾಡಿನ ಹುಚ್ಚು ಹಿಡಿದಿತ್ತು. ರೇಡಿಯೋದವರಿಗೆ ಹಾಕದೆ ಗತಿಯಿಲ್ಲ, ಹಾಕುವ ಗುಂಡಿಗೆಯೂ ಇಲ್ಲ. ಆ ಸಾಲು ಬಂದಾಗ ಸದ್ದನ್ನು ಪೂರ್ತಿ ಅಡಗಿಸಿ, ಮುಗಿದ ಮೇಲೆ ಮತ್ತೆ ಏರಿಸುವ ಉಪಾಯ ಹುಡುಕಿಕೊಂಡರು. “ನಿನ್ನ ಮಾತನ್ನೇ ನುಂಗಿಬಿಟ್ರಲ್ಲಮ್ಮ,” ಎಂದು ವರ್ಲೀನ್ ಅತ್ತಳು. ಲುವೀನಿಯಾ ಕೈಚೀಲ ಎತ್ತಿಕೊಂಡು ಕೆಲಸಕ್ಕೆ ಹೊರಟಳು.

ಯಜಮಾನಿ ಮಿಸೆಸ್ ವಿಟ್ಲೋ ಅಡುಗೆಮನೆಯ ಮೇಜಿನಲ್ಲಿ ಕಾಫಿ ಕುಡಿಯುತ್ತಾ ರೇಡಿಯೋ ಕೇಳುತ್ತಿದ್ದಳು. ಅದೇ ಹಾಡು. ತಾಳಕ್ಕೆ ಆಕೆಯ ಬೆರಳುಗಳೂ ಕಪ್ಪಿನ ಮೇಲೆ ಕುಣಿಯುತ್ತಿದ್ದವು. ಆ ಸಾಲು ಬರುವ ಜಾಗದಲ್ಲಿ ರೇಡಿಯೋ ಮೂಕವಾಯಿತು. ಒಲೆಯ ಮುಂದೆ ಕೋಳಿ ಕರಿಯುತ್ತಿದ್ದ ಲುವೀನಿಯಾ ಯಜಮಾನಿಯ ಕಡೆ ತಿರುಗಿ ನಿಂತು, ಚರ್ಚಿನ ಕೊನೆಯ ಬೆಂಚಿಗೂ ಕೇಳುವ ಹಾಗೆ ದನಿಯೆತ್ತಿ ಹಾಡಿದಳು:

“ಹಿಂಬಾಗಿಲು ಸಾಕಾಯ್ತು, ಮುಂಬಾಗಿಲು ತೆಗೆ!”

ರೇಡಿಯೋಗೆ ಮತ್ತೆ ದನಿ ಬಂತು. ಮಿಸೆಸ್ ವಿಟ್ಲೋಳ ಬೆರಳುಗಳು ನಿಂತಿದ್ದವು. “ಏನಂದೆ ಲುವೀನಿಯಾ?”

“ಹಾಡಲ್ಲಿ ಒಂದು ಸಾಲು ಬಿದ್ದೋಗಿತ್ತು ಅಮ್ಮಾವ್ರೆ,” ಎಂದಳು ಲುವೀನಿಯಾ, ಬಾಣಲೆಯಲ್ಲಿ ಕೋಳಿಯನ್ನು ಮಗುಚುತ್ತಾ. “ನಂದೇ ಸಾಲು. ಎತ್ಕೊಂಡೆ.”