ಮೊದಲ ಲೇಖಕರು

“ಸತ್ತವರಿಗೆ ಬಡ್ತಿ ಯಾಕಮ್ಮ?” ಎಂದರು ವಿಶ್ವವಿದ್ಯಾಲಯದ ವಿಭಾಗದ ಮುಖ್ಯಸ್ಥ ಹೆಂದ್ರತ್ಮೊ. ಅವರ ಬೆರಳು ಕಂಪ್ಯೂಟರಿನ ಪರದೆಯಲ್ಲಿದ್ದ ಸಂಶೋಧನಾ ಲೇಖನದ ಮೊದಲ ಲೇಖಕರ, ಈಚೆಗೆ ತೀರಿಕೊಂಡ ಸಹೋದ್ಯೋಗಿ ಗುನಾರ್ಸೊ ಅವರ ಹೆಸರಿನ ಮೇಲಿತ್ತು. ಅದರ ಕೆಳಗಿನ ಹೆಸರು, ಎರಡನೆಯ ಲೇಖಕಿಯದು, ಎದುರಿಗೆ ನಿಂತಿದ್ದ ವೆನಿಂಗಳದು.

“ಕೆಲಸ ಎಲ್ಲಾ ಅವರದೇ, ಪಾಕ್,” ಎಂದಳು ವೆನಿಂಗ್, ಹಿರಿಯ ಗಂಡಸರನ್ನು ಗೌರವದಿಂದ ಕರೆಯುವ ರೂಢಿಯಂತೆ. “ಆಸ್ಪತ್ರೆ ಹಾಸಿಗೇಲಿ ಕೂತು ತಿದ್ದಿದಾರೆ.”

“ಯಾರು ಇಲ್ಲ ಅಂದ್ರು? ಆದ್ರೆ ಪತ್ರಿಕೆಯವರು ಎಲ್ಲ ಲೇಖಕರ ಸಹಿ ಕೇಳ್ತಾರೆ. ಅವರನ್ನ ಎಲ್ಲಿಂದ ಕರ್ಕೊಂಡು ಬರ್ತೀಯ? ಆ ಜಾಗಕ್ಕೆ ನನ್ನ ಹೆಸರು ಹಾಕು. ನಾನು ಪ್ರೊಫೆಸರ್ ಆಗೋಕೆ ಇದೊಂದೇ ಕಮ್ಮಿ. ನಿನ್ನ ಗುತ್ತಿಗೆ ಮುಂದುವರಿಸೋ ಕಡತಾನೂ ನನ್ನ ಮೇಜಿನ ಮೇಲೇ ಇದೆ.” ಅವರು ನಗುನಗುತ್ತಲೇ ಹೇಳಿದರು.

ಲೇಖಕರು ತೀರಿಕೊಂಡಿದ್ದರೆ ಹತ್ತಿರದವರು ಸಹಿ ಮಾಡಬಹುದೆಂದು ಪತ್ರಿಕೆಯ ನಿಯಮದಲ್ಲಿತ್ತು. ವೆನಿಂಗ್ ಅದನ್ನು ಓದಿದ್ದಳು. ಮುಖ್ಯಸ್ಥರ ಮುಂದೆ ಬಾಯಿ ಬಿಡದೆ, ಮಧ್ಯಾಹ್ನ ಹಸ್ತಪ್ರತಿ ಹಿಡಿದು ಗುನಾರ್ಸೊ ಅವರ ಹೆಂಡತಿಯ ಅಂಗಡಿಗೆ ಹೋದಳು. ಜಾವಾದ ಮಲಾಂಗ್ ಊರಿನ ಆ ಬೀದಿಯಲ್ಲಿ ಎಲ್ಲರದೂ ಒಂದೇ ವ್ಯಾಪಾರ, ಸೋಯಾ ಕಾಳು ಹುದುಗಿಸಿ ಗಟ್ಟಿ ಮಾಡಿದ ಟೆಂಪೆಯನ್ನು ತೆಳ್ಳಗೆ ಹೆಚ್ಚಿ ಕರಿದು ಮಾರುವುದು. ಆಕೆ, ಎಲ್ಲರೂ ‘ಬು’ ಅಂದರೆ ಅಮ್ಮ ಎಂದು ಕರೆಯುವ ಸುಮಿರಾ, ಬಾಣಲೆಯ ಮುಂದಿದ್ದರು. ವಿಷಯ ಕೇಳಿ ಉರಿ ತಗ್ಗಿಸಿ, ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡರು.

“ಏನಿದೆ ಇದರಲ್ಲಿ?”

“ಕುಟುಂಬದವರೇ ನಡೆಸೋ ಅಂಗಡಿಗಳು ಯಾಕೆ ಬೆಳೆಯಲ್ಲ ಅಂತ. ನಿಮ್ಮದೂ ಇದೆ, ಬು. ಹೆಸರು ಹಾಕಿಲ್ಲ. ನಿಮ್ಮ ಅಂಗಡೀನೇ ಇದರ ಜೀವ.”

ಬು ಸುಮಿರಾ ಪೆನ್ನು ಕೆಳಗಿಟ್ಟರು. “ನನ್ನದಾ? ಊಟಕ್ಕೆ ಕೂತಾಗ ಇವರು ದಿನಾ ಕೇಳೋರು. ಇವತ್ತು ಯಾರು ಬಂದ್ರು, ನೀನೇನಂದೆ, ಯಾಕೆ ಹಂಗಂದೆ ಅಂತ. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಮಾತು ಕೇಳೋ ಆಸೆ ಬಂತಲ್ಲ ಅಂದ್ಕೊಂಡಿದ್ದೆ.” ಹಾಳೆಗಳನ್ನು ಅವಳ ಕಡೆ ಸರಿಸಿ ಹೇಳಿದರು, “ನನ್ನ ಬಗ್ಗೆ ಬರ್ದಿರೋದು ಓದು. ನಮ್ಮ ಭಾಷೇಲಿ ಹೇಳು.”

ವೆನಿಂಗ್ ಇಂಗ್ಲಿಷಿನಿಂದ ಜಾವಾ ಮಾತಿಗೆ ತಿರುಗಿಸುತ್ತ ಹೋದಳು. ಒಂದು ಕಡೆ ತಡವರಿಸಿದಳು.

“ನಿಲ್ಲಿಸ್ಬೇಡ ಮಗಳೇ.”

“‘ಮಾಲೀಕನ ಪತ್ನಿಗೆ ವ್ಯಾಪಾರ ಬೆಳೆಸುವ ಹಂಬಲವಿಲ್ಲ. ಸುರಬಾಯಾದಲ್ಲಿ ಎರಡನೆಯ ಅಂಗಡಿ ತೆರೆಯುವ ಅವಕಾಶ ತಾನಾಗಿ ಬಂದರೂ ಆಕೆ ನಿರಾಕರಿಸಿದಳು. ಇದ್ದುದರಲ್ಲೇ ತೃಪ್ತಿಪಡುವ ಈ ಮನೋಭಾವವೇ...’” ಆ ವಾಕ್ಯದ ಇಂಗ್ಲಿಷನ್ನು ನಯಗೊಳಿಸಿದವಳು ವೆನಿಂಗಳೇ. ಮುಂದೆ ಓದದೆ ಅವಳು ಹಾಳೆ ಮಗುಚಿಟ್ಟಳು.

“ಸುರಬಾಯಾದವರು ಬಂದಾಗ ಇವರಿಗೆ ಡಯಾಲಿಸಿಸ್ ಶುರುವಾಗಿತ್ತು,” ಎಂದರು ಬು ಸುಮಿರಾ. “ವಾರದಲ್ಲಿ ಎರಡು ದಿನ ಆಸ್ಪತ್ರೆ. ಸ್ಕೂಟರ್ ಹಿಂದೆ ಕೂರಿಸ್ಕೊಂಡು, ಬೀಳದೇ ಇರ್ಲಿ ಅಂತ ಸೊಂಟಕ್ಕೆ ಬಟ್ಟೆ ಕಟ್ಕೊಂಡು ಹೋಗ್ತಿದ್ದೆ. ಅದನ್ನ ಬರ್ದಿದಾರಾ?”

“ಇಲ್ಲ, ಬು.”

“ನನ್ನ ಅಂಗಡಿ ತೆಗೆದುಬಿಡು. ಆಮೇಲೆ ಎಲ್ಲಿ ಬೇಕೋ ಅಲ್ಲಿ ಸಹಿ ಹಾಕ್ತೀನಿ.”

“ತೆಗೀತೀನಿ,” ಎಂದಳು ವೆನಿಂಗ್. ಹೇಳುವಾಗ ಅದು ಸುಳ್ಳಾಗಿರಲಿಲ್ಲ.

ಆದರೆ ಆ ಅಂಗಡಿಯನ್ನು ತೆಗೆದರೆ ಲೇಖನದಲ್ಲಿ ಉಳಿಯುವುದು ಬರೀ ಕೋಷ್ಟಕಗಳು. ಮರುದಿನ ಬು ಸುಮಿರಾ ಕೇಳಿದ್ದನ್ನೂ ಇದನ್ನೂ ಹೇಳಿದಾಗ ಹೆಂದ್ರತ್ಮೊ ಕುರ್ಚಿಗೆ ಒರಗಿದರು.

“ಆಯಮ್ಮನಿಗೆ ಇಂಗ್ಲಿಷ್ ಬರುತ್ತಾ?”

“ಇಲ್ಲ.”

“ಮತ್ತೆ? ಊರಿನ ಹೆಸರು ಬದಲಾಯಿಸು. ಟೆಂಪೆ ಅನ್ನೋ ಕಡೆ ‘ತಿಂಡಿ’ ಅಂತ ಮಾಡು.”

ಗಂಡನ ಕಾಯಿಲೆಯ ವಿಷಯವಾಗಿ ಎರಡು ಸಾಲನ್ನಾದರೂ ಸೇರಿಸೋಣವೆಂದು ವೆನಿಂಗ್ ಪಟ್ಟು ಹಿಡಿದಳು. ಅವರು ಬೇಡವೆಂದು ತಲೆಯಾಡಿಸಿದರು. ಪತ್ರಿಕೆ ಕೊಟ್ಟ ಪದಮಿತಿ ಮೀರುತ್ತದೆ, ಅದೂ ಅಲ್ಲದೆ ಕಾಯಿಲೆಯ ಮಾತು ಬಂದರೆ ಲೇಖನದ ವಾದ ಬಿದ್ದುಹೋಗುತ್ತದೆ ಎಂದರು. ಅವರ ಮೇಜಿನ ಮೇಲೆ ಅವಳ ಕಡತ ಹಾಗೇ ಇತ್ತು. ಸಂಜೆಯ ಹೊತ್ತಿಗೆ ಲೇಖನ ಹೋಯಿತು. ಮೊದಲ ಲೇಖಕರು ಹೆಂದ್ರತ್ಮೊ. ಗುನಾರ್ಸೊ ಅವರ ಹೆಸರು ಕೃತಜ್ಞತೆಯ ಸಾಲಿನಲ್ಲೂ ಇರಲಿಲ್ಲ. ಅದರಿಂದ ಅಂಗಡಿ ಯಾರದೆಂದು ಗೊತ್ತಾಗಬಹುದೆಂಬ ಕಾರಣವನ್ನು ವೆನಿಂಗಳೇ ಹುಡುಕಿಕೊಂಡಿದ್ದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಲೇಖನ ಸ್ವೀಕೃತವಾಯಿತು. ವಿಭಾಗದಲ್ಲಿ ಅರಿಶಿನದ ಅನ್ನವನ್ನು ಗೋಪುರದಂತೆ ಕಟ್ಟಿ ಸಂತೋಷಕೂಟ ಏರ್ಪಡಿಸಿದರು. ಚಿಪ್ಸ್ ಗುನಾರ್ಸೊ ಅವರ ಮನೆಯಿಂದಲೇ ಬರಲಿ, ಪಾಪ, ಆಕೆಗೂ ಒಂದಿಷ್ಟು ವ್ಯಾಪಾರವಾಗಲಿ ಎಂದು ಹೆಂದ್ರತ್ಮೊ ವೆನಿಂಗಳನ್ನೇ ಕಳಿಸಿದರು.

“ಏನು ವಿಶೇಷ?” ಬು ಸುಮಿರಾ ಪೊಟ್ಟಣ ಕಟ್ಟುತ್ತ ಕೇಳಿದರು.

“ಪಾಕ್ ಹೆಂದ್ರತ್ಮೊ ಹುಟ್ಟುಹಬ್ಬ.”

“ನಮ್ಮವರ ಆ ಲೇಖನ ಏನಾಯ್ತು?”

ವೆನಿಂಗ್ ಚೀಲದ ಬಾಯಿ ಹಿಡಿದು ನಿಂತಿದ್ದಳು. “ಕೈಬಿಟ್ವಿ, ಬು. ನಿಮ್ಮ ಅಂಗಡಿ ತೆಗೆದ ಮೇಲೆ ಅದು ನಿಲ್ಲಲಿಲ್ಲ.”

ಬು ಸುಮಿರಾರ ಕೈ ನಿಂತಿತು. “ಅಷ್ಟು ಕಷ್ಟಪಟ್ಟಿದ್ರು. ಸಿಟ್ಟಲ್ಲಿ ನಾನೇ ಹಾಳು ಮಾಡ್ದೆ ಅನ್ಸುತ್ತೆ.” ಅವರು ಕಪಾಟಿನಿಂದ ಇನ್ನೊಂದು ದೊಡ್ಡ ಪೊಟ್ಟಣ ತೆಗೆದು, ಬೇಡವೆಂದರೂ ಕೇಳದೆ, ಅವಳ ಚೀಲಕ್ಕೆ ತುರುಕಿದರು.

“ಇದಕ್ಕೆ ದುಡ್ಡು ಬೇಡ. ಎಲ್ಲರಿಗೂ ನಮ್ಮವರ ಹೆಸರಲ್ಲಿ ಕೊಡು.”